ತಿದ್ದುವ ಹಲಗೆ

ಆರು ವರ್ಷದಲ್ಲಿ ನನ್ನ ಮೇಲೆ
ನಲವತ್ತೊಂದು ಜನ ಪಾಠ ಹೇಳಲು ಕಲಿತರು.
ಲೆಕ್ಕ ಸರಿಯಿದೆ, ಎಣಿಸಲು ಕಲಿಸಿದ್ದೂ ಅವರೇ.

ಡಕೋಟಾದ ಬಯಲಲ್ಲಿ ಆಗ ನಮ್ಮೂರೆಂದರೆ
ರೈಲು, ಗೋಧಿ ತುಂಬುವ ಗೋಪುರ, ಗಾಳಿ,
ಗಾಳಿಗೆ ಬೆನ್ನು ಕೊಟ್ಟು ನಿಂತ ಒಂದು ಇಟ್ಟಿಗೆ ಕಟ್ಟಡ.
ಹೊಲಮನೆಗಳಿಂದ ಹುಡುಗಿಯರು ಬರುತ್ತಿದ್ದರು,
ಬೀಟ್‌ಗೆಡ್ಡೆ ಕಿತ್ತು ಒಡೆದ ಬೆರಳು,
ತಮ್ಮದಲ್ಲದ ಬೂಟು.
ಎರಡು ವರ್ಷ ಓದಿ ಹೊರಟರೆ
ಎಲ್ಲೋ ಒಂಟಿ ಕೋಣೆಯ ಶಾಲೆ,
ಒಲೆಗೆ ಕಲ್ಲಿದ್ದಲು ಸುರಿಯುವವಳೂ ಅವಳೇ, ಟೀಚರೂ ಅವಳೇ.
ಕಲಿಸಿ ನೋಡಲು ಅವರಿಗೆ ಮಕ್ಕಳು ಬೇಕಿತ್ತು.
ಊರು ನಮ್ಮನ್ನು ಕೊಟ್ಟಿತು.
ಫೀಸಿಲ್ಲ ಅಂದದ್ದಕ್ಕೆ ಅಪ್ಪ,
ರೈಲು ದೀಪಕ್ಕೆ ಎಣ್ಣೆ ಹಾಕುವವನು, ಮರುಮಾತಾಡಲಿಲ್ಲ.

ಅಕ್ಷರ ತಿದ್ದುತ್ತಾರಲ್ಲ,
ಬರೆದದ್ದರ ಮೇಲೆಯೇ ಮತ್ತೆ ಮತ್ತೆ ಬರೆದು,
ಹಾಗೆ ನಾನು.
ಒಬ್ಬಳು ಎಡಗೈ ಬಿಡಿಸಿದಳು,
ಮುಂದಿನವಳು, ಪಾಪ, ಎಡಗೈಲೇ ಬರಿ ಅಂದಳು.
ಹಿಂದಿನ ಬೆಂಚಲ್ಲಿ ಮಿಸ್ ಥ್ರೇನ್, ಸಣ್ಣ ಪುಸ್ತಕ, ಸೀಸದಕಡ್ಡಿ.
ಆಕೆ ನೋಡುತ್ತಿದ್ದದ್ದು ನಮ್ಮನ್ನಲ್ಲ.

ಇಂಗ್ರಿ ರೋಸ್ತಾದ್ ಅಂತ ಒಬ್ಬಳು. ಫೆಬ್ರವರಿ.
ಏಳೆಂಟ್ಲೆ ಐವತ್ತನಾಲ್ಕು ಎಂದು ಬರೆದಳು ಬೋರ್ಡಿನ ಮೇಲೆ.
ಬರೆದಾದ ಮೇಲೆ ಕುತ್ತಿಗೆ ಕೆಂಪಾಯಿತು, ತಿರುಗಲಿಲ್ಲ.
ಸೀಸದಕಡ್ಡಿ ಹಾಳೆಯ ಮೇಲೆ ಕಾದಿತ್ತು.
ನಮಗೆಲ್ಲ ಗೊತ್ತಿತ್ತು. ಇಪ್ಪತ್ತೆರಡು ಮಕ್ಕಳು.
ಯಾರೂ ಕೈಯೆತ್ತಲಿಲ್ಲ.
ಯಾಕೋ ತಿಳಿಯದು. ಅವಳ ಬೂಟಿನೊಳಗೆ
ಹಳೆ ಪೇಪರು ತುರುಕಿದ್ದು ನಮಗೆ ಕಂಡಿತ್ತು.

ಆಮೇಲೆ ಆ ಶಾಲೆಯ ಹೆಸರು ನಾಲ್ಕು ಸಲ ಬದಲಾಯಿತು
(ನನ್ನದು ಒಂದೇ ಸಲ, ಅದೇ ಸಾಕಾಯಿತು).
ಈಗ ಅದು ವಿಶ್ವವಿದ್ಯಾಲಯ.
ಸೊಳ್ಳೆಯ ಜೀನು ಬಿಡಿಸುತ್ತಾರಂತೆ,
ನೆಲದಡಿ ಮೈನಸ್ ಎಂಬತ್ತರ ಕಪಾಟುಗಳಂತೆ.
ಈ ಊರಲ್ಲಿ ಚಳಿಗೂ ಕರೆಂಟು ಬಿಲ್ಲು!
ಬಾಗಿಲ ಮೇಲಿನ ಕಲ್ಲಿನಿಂದ ಹಳೆ ಅಕ್ಷರ ಉಜ್ಜಿ ತೆಗೆದರು.
ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ಮಾತ್ರ
ಟೀಚರ್ ಎಂಬಷ್ಟು ಓದಬಹುದು, ಓರೆಯಾಗಿ ನಿಂತರೆ.

ಮೊನ್ನೆ ಅಲ್ಲಿಗೇ ಕರೆದರು.
ಮುದುಕರ ನೆನಪಿನ ಸಂಶೋಧನೆ.
ನಾನು ನೂರ ಹದಿನೇಳನೆಯ ನಂಬರು, ತೊಂಬತ್ತೊಂದು ವರ್ಷ.
ತಲೆಗೆ ವೈರಿನ ಟೊಪ್ಪಿಗೆ ಹಾಕಿದ ಹುಡುಗಿ ಓಯುನ್,
ಮಂಗೋಲಿಯಾದವಳು. ನಮ್ಮಲ್ಲೂ ಇದೇ ಗಾಳಿ ಅಂದಳು.
ಅವಳಿಗೆ ಮೊದಲ ದಿನ. ಬೆರಳು ನಡುಗಿ
ತಣ್ಣನೆ ಅಂಟು ನನ್ನ ಕಿವಿಗೆಲ್ಲ.
ಗಾಜಿನಾಚೆ ಪ್ರೊಫೆಸರು, ಕೈಯಲ್ಲೊಂದು ಟ್ಯಾಬ್ಲೆಟ್ಟು.
ಆತ ನೋಡುತ್ತಿದ್ದದ್ದು ನನ್ನನ್ನಲ್ಲ.

"ಏಳೆಂಟ್ಲೆ?" ಕೇಳಿದಳು.

"ಐವತ್ತನಾಲ್ಕು."

ಪೆನ್ನು ನಿಂತಿತು.
ಗಾಜಿನತ್ತ ನೋಡಲಿಲ್ಲ ಅವಳು. ಕುರ್ಚಿ ಹತ್ತಿರ ಎಳೆದು,
ನಿಯಮದಲ್ಲಿಲ್ಲದ ಕೆಲಸ, ಮೆಲ್ಲಗೆ ಅಂದಳು:
"ಅವಸರವಿಲ್ಲ. ಏಳೇಳ್ಲೆ ಎಷ್ಟು? ಅಲ್ಲಿಂದ ಬನ್ನಿ."

ಬಂದೆ. ನಲವತ್ತೊಂಬತ್ತು, ಮೇಲೊಂದು ಏಳು.
ಹೇಳುತ್ತ ಹೇಳುತ್ತ ಅವಳ ಕುತ್ತಿಗೆ ನೋಡಿದೆ.
ಕೆಂಪಿರಲಿಲ್ಲ.

ನಲವತ್ತೆರಡು, ಅಂದುಕೊಂಡೆ ಟೊಪ್ಪಿಗೆಯೊಳಗೆ.
ಯಂತ್ರದ ಗೆರೆ ಆಗ ಒಂದಿಷ್ಟು ಜಿಗಿದಿರಬೇಕು.
ಅದೇನೆಂದು ಅವರೇ ಕಂಡುಹಿಡಿಯಲಿ,
ಅದಕ್ಕಾಗಿ ತಾನೆ ಇಷ್ಟು ದೊಡ್ಡ ಕಟ್ಟಡ.