ಮೂರನೇ ಟ್ರಿಪ್ಪಿನ ಸೀಟಿ

ಮೊದಲು ಗೊತ್ತಾದದ್ದು ನನಗೇ, ಡ್ರೈವರಿಗೆ.
ಬೆಳಿಗ್ಗೆ ಆರೂಕಾಲರ ಟ್ರಿಪ್ಪಿಗೆ
ಮಂಡ್ಯ ಸ್ಟ್ಯಾಂಡಿನ ಪಾರಿವಾಳವೆಲ್ಲ ಮೇಲೇಳುವಂತೆ
ಊದುತ್ತಿದ್ದ ಬೋರಲಿಂಗು.
ಹತ್ತರ ಟ್ರಿಪ್ಪಿಗೂ ಪರವಾಗಿಲ್ಲ.
ಮೂರನೆಯದಕ್ಕೆ, ಬಸರಾಳು ಬರುವ ಹೊತ್ತಿಗೆ,
ಸೀಟಿಯಲ್ಲಿ ಬರೀ ಗಾಳಿ,
ತುಟಿಯಂಚಲ್ಲಿ ಸೋರಿಹೋಗುವ ಗಾಳಿ.
ಆಮೇಲಾಮೇಲೆ ಅಂಗೈಯಲ್ಲಿ ತಗಡು ಬಡಿದೇ
ರೈಟ್ ಹೇಳತೊಡಗಿದ.

ಕನ್ನಡಿಯಲ್ಲಿ ನೋಡಿದೆ.
ಎಡಗಣ್ಣಿನ ರೆಪ್ಪೆ
ಹೊತ್ತಿಗೆ ಮುಂಚೆ ಮುಚ್ಚುವ ಅಂಗಡಿಯ ಷಟರಿನ ಹಾಗೆ
ಅರ್ಧಕ್ಕೆ ಇಳಿದಿತ್ತು.
ತಲೆ ಹಿಂದಕ್ಕೆ ಎತ್ತಿ, ಆ ಸಂದಿಯಿಂದಲೇ
ನೋಟು ಎಣಿಸುತ್ತಿದ್ದ.
ಒಂದು ಐವತ್ತು ಎರಡಾಗಿ ಕಂಡು
ಸೊಪ್ಪಿನ ಮೂಟೆಯವನಿಗೆ ನೂರರ ಚಿಲ್ಲರೆ ಕೊಟ್ಟ.

"ಮಧ್ಯಾಹ್ನಕ್ಕೇ ಹಾಕ್ಕೊಂಡವ್ನೆ" ಅಂದರು ಹಿಂದಿನ ಸೀಟಿನವರು.
ದೂರು ಹೋಯಿತು. ಡಿಪೋದಲ್ಲಿ ಊದಿಸಿದರು.
ಮಿಷನ್ನು ಸೊನ್ನೆ ತೋರಿಸಿತು.
ಅಷ್ಟು ಊದಲಿಕ್ಕೆ ಅವನಿಗೆ ಮೂರು ಸಲ ಬೇಕಾಯಿತು,
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮುದ್ದೆ ಅಗಿಯೋ ಹಾಗಿಲ್ಲವಲ್ಲ, ಸದ್ಯ, ಅಂತಿದ್ದ.
ನೈಟ್ ಹಾಲ್ಟಿನಲ್ಲಿ ಒಂದು ತುತ್ತು
ಗಂಟಲಲ್ಲೇ ನಿಂತಿತು. ಸಾರು ಮೂಗಿಗೆ ಬಂತು.
ಮಂಡ್ಯದಲ್ಲಿ ಹುಟ್ಟಿದವನು, ಮುದ್ದೆ ನುಂಗಲಾರದೆ,
ತಟ್ಟೆಯನ್ನು ಮೆಲ್ಲಗೆ ಬಾಗಿಲ ಕಡೆ ಸರಿಸಿದ.
ನಾನು ಬಸ್ಸಿನ ಟೈರು ನೋಡುತ್ತ ಕೂತೆ.

ಮೈಸೂರಿನ ದೊಡ್ಡಾಸ್ಪತ್ರೆ. ಡಾಕ್ಟರಮ್ಮ, ಇನ್ನೂ ಚಿಕ್ಕ ಹುಡುಗಿ,
ಕೈಗವಸಿಗೆ ಐಸು ತುಂಬಿ ಗಂಟು ಹಾಕಿ
ಆ ರೆಪ್ಪೆಯ ಮೇಲಿಟ್ಟಳು. ಗಡಿಯಾರ ನೋಡಿದಳು.
ಎರಡು ನಿಮಿಷ.
ತೆಗೆದರೆ, ಷಟರು ಎದ್ದಿತ್ತು.
ಅವನು ನನ್ನ ಕಡೆ ತಿರುಗಿದ,
ನೋಡಿದ, ನೋಡಿಯೇ ನೋಡಿದ.
ಬಹಳ ದಿನದ ಮೇಲೆ
ಒಬ್ಬನೇ ಇದ್ದೆ ನಾನು.

ಮಯಸ್ತೇನಿಯಾ, ಅಂತ ಚೀಟಿಯಲ್ಲಿ ಬರೆದಳು.
ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ತಲುಪುತ್ತಿಲ್ಲ,
ನಿಮ್ಮ ರಕ್ತವೇ ನಡುವೆ ಅಡ್ಡ ನಿಂತಿದೆ, ಅಂದಳು.
"ಹಂಗಂದ್ರೆ ನಾ ಸೀಟಿ ಹೊಡೀತಿನಿ,
ಇವ್ರಿಗೆ ಕೇಳಾಕಿಲ್ಲ, ಬಸ್ಸು ನಿಂತೇ ಇರ್ತದೆ, ಅಂಗಾ?"
ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.
"ಅಂಗೇ," ಅಂದಳು.

ಈಗ ಅವನಿಗೆ ಪಾಸು ಕೌಂಟರು.
ನಾಲ್ಕು ಗಂಟೆಗೊಂದು ಮಾತ್ರೆ,
ಮೊಬೈಲು ಬಡಿದುಕೊಂಡಾಗ ನುಂಗುತ್ತಾನೆ,
ಸಾಲು ನಿಂತ ಕಾಲೇಜು ಹುಡುಗರು ಕಾಯುತ್ತಾರೆ, ಗೊಣಗುತ್ತಾರೆ.
ಹೊಸ ಕಂಡಕ್ಟರು ಚೆನ್ನಾಗಿ ಊದುತ್ತಾನೆ.
ಊದಲಿ.
ನಾನು ಮೂರನೇ ಟ್ರಿಪ್ಪಿಗೆ ಮುಂಚೆ
ಕೌಂಟರಿನ ಕಿಂಡಿಗೆ ಹೋಗಿ
ಒಂದು ಬೆರಳು ಎತ್ತಿ ಹಿಡಿಯುತ್ತೇನೆ: ಎಷ್ಟು?

"ಒಂದೇ, ಚೌಡಣ್ಣ," ಅನ್ನುತ್ತಾನೆ,
"ಸಂಜೆ ಬಾ, ಎರಡು ಹೇಳ್ತಿನಿ."