ಅದಲುಬದಲು

ಬ್ರನೋ ಪಟ್ಟಣ, ನವೆಂಬರ್. ಟ್ರಾಮಿನ ಕಂಬಿಗಳ ಮೇಲೆ ಮಂಜು.
ನೆಲಮಾಳಿಗೆಯಿಂದ ಬ್ಲಜೆನಾ ಚೀಟಿ ಕಳಿಸುತ್ತಾಳೆ,
ಪೆನ್ಸಿಲಿನಲ್ಲಿ ಒತ್ತಿ ಬರೆದದ್ದು:

ಹದಿನಾಲ್ಕರಲ್ಲಿ ಸೊನ್ನೆ.
ಹನ್ನೊಂದರಲ್ಲಿ ಒಂಬತ್ತು.
ಹನ್ನೆರಡರಲ್ಲಿ ಸೊನ್ನೆ. ಹದಿಮೂರರಲ್ಲಿ ಸೊನ್ನೆ.
ಹತ್ತರಲ್ಲಿ ಹತ್ತು.

ಒಂದೊಂದು ಸಾಲೂ ಒಂದೊಂದು ಇಲಿಯ ಹೆರಿಗೆ.
ಎರಡನೆಯ ಅಂಕಿ, ಉಸಿರಾಡದೆ ಹೋದವು.

ಲುಬೊರ್ ಕೂರುವುದು ನಾಲ್ಕನೆಯ ಮಹಡಿಯಲ್ಲಿ;
ಹೊಟ್ಟಿನ ವಾಸನೆ ಅಲ್ಲಿಗೆ ಹತ್ತುವುದಿಲ್ಲ.
ಮೊದಲ ದಿನ ಅವನೂ ತಪ್ಪಿದ:
ಎಲ್ಲವನ್ನೂ ಒಂದೇ ರಾಶಿ ಸುರಿದು
ಮುನ್ನೂರ ಐವತ್ತೆಂಟು ಮರಿ, ಅಷ್ಟೇ ಸಾಕ್ಷಿ ಎಂದುಕೊಂಡ.
ಅನ್ನಕ್ಕೊಂದು ಅಗುಳು, ಸರಿ. ಆದರೆ ಆ ಅಗುಳು
ಪಕ್ಕದ ಒಲೆಯ ಸುದ್ದಿ ಹೇಳುವುದಿಲ್ಲ.
ಅದೇ ಪಾತ್ರೆಯಲ್ಲಿ ಇನ್ನೂ ಹತ್ತು ಹಿಸುಕಿದರೂ
ಬೆರಳು ಸುಟ್ಟೀತೇ ಹೊರತು
ತಿಳಿದದ್ದು ಹೆಚ್ಚುಕಡಿಮೆ ಅಷ್ಟೇ.

ಹೊಡೆದುಹಾಕಿ ಮತ್ತೆ ಬರೆದ:
ಒಂದೇ ಬಸಿರಿನವು ಅದಲುಬದಲು.
ಎಡದಿಂದ ಮೂರನೆಯದು, ಮೂಲೆಯ ಪೀಚು,
ಸಾಲು ಕಲಕಿದರೂ ಲೆಕ್ಕ ಕದಲದು.
ಎಷ್ಟು ಎಂಬುದು ಉಳಿಯುತ್ತದೆ. ಯಾವುದು ಎಂಬುದಲ್ಲ.
ಅಷ್ಟು ಒಪ್ಪಿದರೆ ಸಾಕು, ಗಣಿತ ಮೆಲ್ಲಗೆ ಇನ್ನೊಂದನ್ನು ಒಪ್ಪಿಸುತ್ತದೆ:
ಇವುಗಳ ಹಿಂದೆ ಕಾಣದ ಸಂಖ್ಯೆಯೊಂದಿದೆ,
ತಾಯಿಯಿಂದ ತಾಯಿಗೆ ಬೇರೆ,
ಯಾವ ತಾಯಿಯೂ ಬಾಯಿಬಿಡದ್ದು.

ರಾತ್ರಿ ಹತ್ತಾದರೂ ಅವನು ಹುಡುಕುತ್ತಿರುವುದು ನಿಜವನ್ನಲ್ಲ.
ಯಾವ ಲೋಕದವರಾದರೆ
ಈ ಚೀಟಿ ನೋಡಿ ಅತಿ ಕಡಿಮೆ ಬೆರಗಾದಾರು, ಆ ಲೋಕವನ್ನು.
ಕತ್ತಲಲ್ಲಿ ಗುಡ್ಡ ಹತ್ತುವ ಕೆಲಸ.
ಒಂದು ಹೆಜ್ಜೆ. ಏರಿತೇ? ಇನ್ನೊಂದು.
ತುದಿ ಚೂಪಾಗಿಲ್ಲ, ಎಮ್ಮೆಯ ಬೆನ್ನಿನಷ್ಟು ಅಗಲ.
ನಿಂತು 'ಇಲ್ಲಿ' ಎನ್ನಬಹುದು,
'ಇಲ್ಲೇ' ಎನ್ನಲು ನಾಲಿಗೆ ಏಳದು.

ಬೆಳಗಾದರೆ ಔಷಧಿ ಕಂಪನಿಗೆ ವರದಿ:
ಎಷ್ಟು ಮಿಲಿಗ್ರಾಮಿನವರೆಗೆ ಹೆದರಬೇಕಾಗಿಲ್ಲ.
ಚೀಟಿಗಳನ್ನು ಜೋಡಿಸುವಾಗ
ಎರಡನೆಯದು ಮಗುಚಿ ಬಿತ್ತು.
ಬೆನ್ನಿನಲ್ಲಿ ಅದೇ ಪೆನ್ಸಿಲ್:
'ಉಳಿದ ಎರಡರಲ್ಲಿ ಒಂದು
ನನ್ನ ಕೈಗವಸಿನ ಬೆರಳು ಚೀಪಿತು.'

ಇದಕ್ಕೆ ಕಾಲಂ ಇಲ್ಲ. ಸೇರಿಸಿದರೂ
ನಾಲ್ಕನೆಯ ದಶಾಂಶವೂ ಮಿಸುಕದು.
ಲುಬೊರ್ ಫೋನೆತ್ತಿ ಕೆಳಗಿನ ನಂಬರು ಒತ್ತಿದ,
ಅವಳಿನ್ನೂ ಇದ್ದಳು.
'ಯಾವುದು?' ಎಂದ.

ತುಸು ಹೊತ್ತು ಬರೀ ಫ್ಯಾನಿನ ಸದ್ದು.
'ತೊಳೆದು ಬುಟ್ಟಿಗೆ ಬಿಟ್ಟುಬಿಟ್ಟೆನಲ್ಲ,
ಈಗ ಎರಡೂ ಒಂದೇ ಥರ.'