ಪಾಳಿ

ಒಂಬತ್ತು ಮಂದಿ ಹೊರಟೆವು, ಜೊತೆಗೊಂದು ಹೇಸರಗತ್ತೆ.
ನೀರು, ರೊಟ್ಟಿ, ರಟ್ಟಿನ ಕನ್ನಡಕಗಳ ಕಟ್ಟು ಅದರ ಬೆನ್ನಿಗೆ.
ಚಿಲಿಯ ಜುಲೈ ಚಳಿ; ಬೆಟ್ಟದ ಕಳ್ಳಿಗೂ ಮೈ ಜುಮ್ಮೆನ್ನಬೇಕು.

ಮೊದಲ ಕಡಿತ ಕಂಡದ್ದು ಐದು ವರ್ಷದ ಮಕಾರೆನಾಗೆ:
"ಯಾರೋ ಬಿಸ್ಕತ್ತು ಕಚ್ಚಿದರು!"

ಮುದುಕ ಎರ್ಮೋಹೆನೆಸ್ ತಲೆಯೆತ್ತಲಿಲ್ಲ.
ಬಂಡೆಗೊರಗಿ, ಬೂಟು ಕಳಚಿ, ಮರಳು ಕೊಡವುತ್ತಿದ್ದ.
ಮೂವತ್ತೊಂದು ವರ್ಷ ತಾಮ್ರದ ಗಣಿಯಲ್ಲಿದ್ದವನು.
"ಕತ್ತಲೆಗೆ ನೀವು ದುಡ್ಡು ಕೊಟ್ಟು ಬಂದಿರಿ,
ನನಗೆ ಅದೇ ಸಂಬಳ ಕೊಡುತ್ತಿತ್ತು" ಎಂದ.

ಆಮೇಲೆ ಗಾಳಿ ನಿಂತಿತು.
ಸದ್ದಿಲ್ಲದ ಲಾರಿಯ ಹಾಗೆ ನೆರಳು ಕಣಿವೆ ದಾಟಿ ಬಂತು.
ಮೇಕೆಗಳು ದೊಡ್ಡಿಯತ್ತ ತಿರುಗಿದವು.
ಮೇಲೊಂದು ಕಪ್ಪು ತೂತು, ಸುತ್ತ ಕೆದರಿದ ನರೆಗೂದಲು.
ಯಾರೋ ಅತ್ತರು.
ಯಾರೋ ಕ್ಯಾಮೆರಾದ ಮುಚ್ಚಳ ತೆಗೆಯಲು ಮರೆತರು.
ನಾನು ಸೆಕೆಂಡು ಎಣಿಸುತ್ತಿದ್ದೆ,
ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು.

ಅಂಚಿನಲ್ಲಿ ಬೆಳಕಿನ ಒಂದೇ ಹನಿ ಸಿಡಿದಾಗ
ಎರ್ಮೋಹೆನೆಸ್ ಎದ್ದು ನಿಂತಿದ್ದ,
ಟೋಪಿ ಕೈಯಲ್ಲಿ,
ಒಂದು ಕಾಲಿಗೆ ಬರೀ ಕಾಲ್ಚೀಲ.
"ಇದು," ಎಂದ, "ಇದು...
ಪಾಳಿ ಮುಗಿದು ಕೇಜು ಮೇಲೇರುವಾಗ, ಮೊದಲು..."
ಮುಂದೆ ಹೇಳಲಿಲ್ಲ.

ಮಗು ಅವನ ಬೂಟು ತಂದು ಕೊಟ್ಟಿತು.
ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದ,
ಯಾರದ್ದೋ ಎಂಬಂತೆ.